ಅಕ್ಷರಾಂಕ ಪರಿವರ್ತನ ವಿಚಾರ

೧. ಉಪಕ್ರಮ

ಪಾಣಿನಿಯ ಅಷ್ಟಾಧ್ಯಾಯಿಯ ಮೊದಲನೆಯ ಪಾದದಲ್ಲಿ (೧–೧–೬೮) ಒಂದು ಪರಿಭಾಷೆಯುಂಟು. ಶಾಸ್ತ್ರದಲ್ಲಿ ಒಂದು ಶಬ್ದವನ್ನು ಹೇಳಿದಾಗ ಅದರ ಸ್ವರೂಪವನ್ನೇ ಗ್ರಹಿಸಬೇಕು. ಆ ಶಬ್ದವು ಶಾಸ್ತ್ರೀಯ ಸಂಜ್ಞೆಯಾಗಿದ್ದರೆ ಮಾತ್ರ ಅದರಿಂದ ಬೇರೊಂದನ್ನು ಗ್ರಹಿಸಬೇಕು ಎಂಬುದು ಅದರ ತಾತ್ಪರ್ಯ. ಅಗ್ನಿಶಬ್ದಕ್ಕೆ ಪ್ರತ್ಯಯವನ್ನು ವಿಧಿಸಿದರೆ ಅದು ಶಬ್ದಕ್ಕೆ ಸೇರುವುದಲ್ಲದೆ ಒಲೆಯ ಕೆಂಡಕ್ಕೆ ಸೇರುವುದಿಲ್ಲವೆಂದು ವ್ಯಾಖ್ಯಾತೃಗಳು ಇದನ್ನು ವಿವರಿಸುತ್ತಾರೆ.

ಇದೇ ಅಗ್ನಿಶಬ್ದವು ಜ್ಯೋತಿಷಿಯ ಕೈಗೆ ಬಂದಾಗ ಮೂರು ಎಂಬ ಸಂಖ್ಯೆಯಾಗುವುದು, ಏಕೆಂದರೆ ಯಜ್ಞಾಗ್ನಿಗಳು ಮೂರು. ಕಟಪಯಾದಿಯನ್ನು ಬಲ್ಲವನ ಕೈಗೆ ಬಂದಾಗ ಸೊನ್ನೆಯಾಗುವುದು. ಅದರ ಕಾರಣವು ಮುಂದೆ ತಿಳಿಯುವುದು. ಶಬ್ದವೊಂದೇ ಆದರೂ ಅದರ ಸಂಖ್ಯೆಯು ಒಂದೇ ಅಲ್ಲ. ಆದುದರಿಂದ ಅಕ್ಷರಗಳ ಸಾಲಿನಲ್ಲಿ ಸಂಖ್ಯೆಯು ಸ್ವಭಾವತಃ ಅಡಗಿರುವುದಿಲ್ಲವೆಂದೂ, ಓದುವವನು ಅಂಗೀಕರಿಸಿದ ಸಂಕೇತವೇ ಅದನ್ನು ಸಂಖ್ಯೆಯನ್ನಾಗಿ ಮಾಡುವುದೆಂದೂ ಸಿದ್ಧವಾಗುತ್ತದೆ.

ಇಂದಿನ ಗಣಕಯಂತ್ರಗಳಲ್ಲಿಯೂ ಇದೇ ಪ್ರಶ್ನೆಯು ದಿನದಿನವೂ ಎದುರಾಗುತ್ತಿರುವುದು. ಕ್ರಮವಿಧಿಯನ್ನು ಬರೆಯುವ ಭಾಷೆಗಳಲ್ಲಿ ಅಕ್ಷರಸರಣಿಯೆಂಬುದೊಂದು ವಸ್ತು, ಪೂರ್ಣಾಂಕವೆಂಬುದು ಇನ್ನೊಂದು ವಸ್ತು. ಪೈಥಾನ್ ಎಂಬ ಭಾಷೆಯಲ್ಲಿ ‘೧೨’ ಎಂಬ ಸರಣಿಗೆ ‘೧’ ಎಂಬ ಸರಣಿಯನ್ನು ಕೂಡಿಸಿದರೆ ‘೧೨೧’ ಎಂಬ ಸರಣಿಯು ದೊರೆಯುತ್ತದೆ. ಹನ್ನೆರಡಕ್ಕೆ ಒಂದನ್ನು ಕೂಡಿಸಿದರೆ ಮಾತ್ರ ಹದಿಮೂರು. ಮೊದಲನೆಯದು ಶಬ್ದಸ್ವರೂಪ, ಎರಡನೆಯದು ಅರ್ಥ. ಒಂದರಿಂದ ಇನ್ನೊಂದಕ್ಕೆ ಹೋಗುವ ಕ್ರಿಯೆಗೆ ಪರಿವರ್ತನವೆಂದು ಹೆಸರು. ಕನ್ನಡ ಸಾಹಿತ್ಯ ಮತ್ತು ಶಾಸನಗಳ ಅಭ್ಯಾಸಿಗಳಿಗೆ ಈ ಕ್ರಿಯೆಯು ಹೊಸದಲ್ಲ. ಕವಿಕಾಲನಿರ್ಣಯವೂ ಶಾಸನಕಾಲನಿರ್ಣಯವೂ ಅನೇಕ ವೇಳೆ ಇದನ್ನೇ ಅವಲಂಬಿಸಿರುವುವು. ಪ್ರಾಚೀನರ ಪದ್ಧತಿಗಳನ್ನು ಯಂತ್ರದ ಪದ್ಧತಿಯೊಡನೆ ಹೋಲಿಸಿ, ತಪ್ಪು ಹುಟ್ಟುವ ಸ್ಥಳಗಳನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨. ಸಂಖ್ಯಾವಾಚಕ ಶಬ್ದಗಳು

ಮಲಪ್ರಭೆಯ ದಡದ ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ ರವಿಕೀರ್ತಿಯ ಶಾಸನವು (ಕ್ರಿ. ಶ. ೬೩೪–೩೫) ಎಲ್ಲರಿಗೂ ಪರಿಚಿತವಾದುದು. ಅದರಲ್ಲಿ ಕಾಲವನ್ನು ಎರಡು ವಿಧವಾಗಿ ಹೇಳಿದೆ. ಭಾರತಯುದ್ಧದಿಂದ ಕಳೆದ ವರ್ಷಗಳನ್ನು ಮೂವತ್ತು, ಮೂರು ಸಾವಿರ, ಏಳು ನೂರು, ಐದು ಎಂಬ ಕ್ರಮದಲ್ಲಿಯೂ, ಶಕವರ್ಷಗಳನ್ನು ಐವತ್ತು, ಆರು, ಐದು ನೂರು ಎಂಬ ಕ್ರಮದಲ್ಲಿಯೂ ಕವಿಯು ಎಣಿಸುತ್ತಾನೆ. ಛಂದಸ್ಸಿಗಾಗಿ ಕ್ರಮವು ತಲೆಕೆಳಗಾಗಿದ್ದರೂ ಬಾಧಕವಿಲ್ಲ. ಪ್ರತಿಯೊಂದು ಪದವೂ ತನ್ನ ಬೆಲೆಯನ್ನು ತಾನೇ ಹೊತ್ತಿರುವುದರಿಂದ ಎಲ್ಲವನ್ನೂ ಕೂಡಿಸಿದರಾಯಿತು: ಮೊದಲನೆಯದು ೩೭೩೫, ಎರಡನೆಯದು ೫೫೬. ಇಲ್ಲಿ ಪರಿವರ್ತನವೆಂದರೆ ಸಂಕಲನವೇ, ಸ್ಥಾನಕ್ಕೆ ಬೆಲೆಯಿಲ್ಲ. ಸಾವಿರದ ಮುನ್ನೂರು ವರ್ಷಗಳು ಕಳೆದ ಮೇಲೂ ಈ ಸಂಖ್ಯೆಗಳ ಓದಿಗೆ ಆ ಶಾಸನದಲ್ಲಿ ಎಡೆತಪ್ಪಿಲ್ಲದಿರಲು ಇದೇ ಕಾರಣ.

ಆರ್ಯಭಟನ (ಕ್ರಿ. ಶ. ೪೯೯) ಅಕ್ಷರಸಂಖ್ಯೆಯೂ ಇದೇ ಜಾತಿಯದು. ಕಕಾರದಿಂದ ಮಕಾರದವರೆಗಿನ ವರ್ಗಾಕ್ಷರಗಳಿಗೆ ೧ರಿಂದ ೨೫, ಯಕಾರದಿಂದ ಹಕಾರದವರೆಗೆ ೩೦ರಿಂದ ೧೦೦. ಸ್ವರಗಳು ನೂರು, ಹತ್ತು ಸಾವಿರ, ಹತ್ತು ಲಕ್ಷ ಎಂಬಂತೆ ಗುಣಕಗಳು. ಯುಗದಲ್ಲಿನ ಸೂರ್ಯಭಗಣಗಳಿಗೆ ಅವನು ಕೊಡುವ ‘ಖ್ಯುಘೃ’ ಎಂಬಲ್ಲಿ ಖಕಾರವು ೨೦,೦೦೦, ಯಕಾರವು ೩,೦೦,೦೦೦, ಘಕಾರವು ೪೦,೦೦,೦೦೦, ಒಟ್ಟು ೪೩,೨೦,೦೦೦. ಸಂಕ್ಷೇಪವು ಅದ್ಭುತವಾದುದೇ, ಆದರೆ ಉಚ್ಚಾರಣೆಯು ಕಷ್ಟ, ಒಂದು ಸ್ವರ ತಪ್ಪಿದರೆ ಬೆಲೆಯು ನೂರು ಪಾಲು ಏರುವುದು ಇಲ್ಲವೆ ಇಳಿಯುವುದು.

೩. ಭೂತಸಂಖ್ಯೆ

ಎರಡನೆಯ ಪದ್ಧತಿಯು ಭೂತಸಂಖ್ಯೆಯೆಂಬುದು. ಗಗನ, ಅಂಬರ, ಖ ಇವು ಸೊನ್ನೆ, ಶಶಿ, ಭೂ ಇವು ಒಂದು, ನೇತ್ರ, ಕರ ಎರಡು, ಅಗ್ನಿ, ಗುಣ ಮೂರು, ವೇದ ನಾಲ್ಕು, ಬಾಣ, ಇಂದ್ರಿಯ ಐದು, ರಸ, ಋತು ಆರು, ಮುನಿ, ಸ್ವರ ಏಳು, ವಸು, ಗಜ ಎಂಟು, ನಂದ, ರಂಧ್ರ ಒಂಬತ್ತು. ಅಮೋಘವರ್ಷ ನೃಪತುಂಗನ ಕಾಲದಲ್ಲಿ (ಸು. ೮೫೦) ರಚಿತವಾದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದ ಸಂಜ್ಞಾಧಿಕಾರದಲ್ಲಿ ಇಂತಹ ಹೆಸರುಗಳ ಪಟ್ಟಿಯೇ ಇರುವುದು. ಗಣಿತವನ್ನು ಆರಂಭಿಸುವುದಕ್ಕೆ ಮುಂಚೆಯೇ ಸಂಕೇತಗಳನ್ನು ಹೇಳಿಬಿಡುವುದು ಶಾಸ್ತ್ರಕಾರನ ಮರ್ಯಾದೆ. ಕವಿಗಳೂ ಶಾಸನಕಾರರೂ ಎಲ್ಲ ವೇಳೆಯಲ್ಲಿಯೂ ಈ ಮರ್ಯಾದೆಯನ್ನು ಪಾಲಿಸುವುದಿಲ್ಲ. ತೊಡಕು ಅಲ್ಲಿಂದಲೇ ಮೊದಲಾಗುವುದು.

ಮೊದಲನೆಯ ತೊಡಕು ಪದದ ಬೆಲೆ. ಸಾಂಖ್ಯರಿಗೆ ತತ್ತ್ವಗಳು ಇಪ್ಪತ್ತೈದು, ಜೈನರಿಗೆ ಏಳು. ರತ್ನವೆಂದರೆ ನವರತ್ನಗಳನ್ನು ನೆನೆಯುವವನಿಗೆ ಒಂಬತ್ತು, ರತ್ನತ್ರಯವನ್ನು ನೆನೆಯುವವನಿಗೆ ಮೂರು. ಲೋಕಗಳು ಮೂರೂ ಹೌದು, ಹದಿನಾಲ್ಕೂ ಹೌದು. ಕನ್ನಡದಲ್ಲಿ ಜೈನ, ವೀರಶೈವ, ಬ್ರಾಹ್ಮಣ ಕವಿಗಳು ಒಂದೇ ಭಾಷೆಯಲ್ಲಿ ಬರೆದಿರುವುದರಿಂದ ಕವಿಯ ಸಂಪ್ರದಾಯವನ್ನು ತಿಳಿಯದೆ ಅವನ ಸಂಖ್ಯೆಯನ್ನು ತಿಳಿಯಲಾಗದು.

ಎರಡನೆಯ ತೊಡಕು ದಿಕ್ಕು. ಅಂಕಗಳು ಎಡಕ್ಕೆ ನಡೆಯುವುವೆಂಬುದು ಸಾಮಾನ್ಯನಿಯಮ. ಎಂದರೆ ಮೊದಲು ಹೇಳಿದ್ದು ಏಕಸ್ಥಾನ, ಅನಂತರದ್ದು ದಶಸ್ಥಾನ. ದೃಷ್ಟಾಂತಕ್ಕಾಗಿ ‘ಶಶಿ–ಬಾಣ–ವೇದ–ಭೂ’ ಎಂಬ ಶಕವರ್ಷವನ್ನು ಕಲ್ಪಿಸಿಕೊಳ್ಳಬಹುದು. ಅಂಕಗಳು ಕ್ರಮವಾಗಿ ೧, ೫, ೪, ೧. ವಾಮಗತಿಯಿಂದ ಶಕ ೧೪೫೧. ಬರೆದ ಕ್ರಮದಿಂದಲೇ ಓದಿದರೆ ಶಕ ೧೫೪೧. ಮೊದಲನೆಯದು ಕ್ರಿ. ಶ. ೧೫೨೯, ಕೃಷ್ಣದೇವರಾಯನು ತೀರಿಕೊಂಡ ವರ್ಷ. ಎರಡನೆಯದು ಕ್ರಿ. ಶ. ೧೬೧೯, ತಾಳಿಕೋಟೆಯ ಯುದ್ಧವು (೧೫೬೫) ನಡೆದು ಅರ್ಧಶತಮಾನಕ್ಕೂ ಮಿಕ್ಕು ಕಳೆದ ಕಾಲ. ಎರಡೂ ಸಂಭವನೀಯ ವರ್ಷಗಳೇ ಆದುದರಿಂದ ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ತಪ್ಪು ಗೊತ್ತಾಗುವುದಿಲ್ಲ. ಒಬ್ಬ ಕವಿಯನ್ನು ಒಂದು ಸಾಮ್ರಾಜ್ಯದ ಉಚ್ಛ್ರಾಯದಲ್ಲಿ ಇಡಬೇಕೋ ಅದರ ಅವಸಾನದಲ್ಲಿ ಇಡಬೇಕೋ ಎಂಬುದು ಎರಡಂಕಗಳ ಅದಲುಬದಲಿನಲ್ಲಿ ನಿಂತಿರುವುದು.

ಇಂತಹ ಸಂದರ್ಭದಲ್ಲಿ ಸಂವತ್ಸರದ ಹೆಸರು ಸಾಕ್ಷಿಯಾಗಿ ಒದಗುವುದು. ದಕ್ಷಿಣದೇಶದ ಗಣನೆಯಲ್ಲಿ ಗತಶಕವರ್ಷಕ್ಕೆ ೧೨ನ್ನು ಕೂಡಿಸಿ ೬೦ರಿಂದ ಭಾಗಿಸಿದರೆ ಉಳಿದ ಶೇಷವೇ ಪ್ರಭವಾದಿ ಸಂವತ್ಸರಗಳಲ್ಲಿ ಅದರ ಕ್ರಮಸಂಖ್ಯೆ. ಶಕ ೧೯೦೯ಕ್ಕೆ (ಕ್ರಿ. ಶ. ೧೯೮೭–೮೮) ಶೇಷವು ೧, ಅದು ಪ್ರಭವವೇ. ಈ ನಿಯಮದಿಂದ ಶಕ ೧೪೫೧ಕ್ಕೆ ಶೇಷ ೨೩, ಎಂದರೆ ವಿರೋಧಿ; ಶಕ ೧೫೪೧ಕ್ಕೆ ಶೇಷ ೫೩, ಎಂದರೆ ಸಿದ್ಧಾರ್ಥಿ. ಶಾಸನದಲ್ಲಿ ವಿರೋಧಿ ಸಂವತ್ಸರವೆಂದಿದ್ದರೆ ವಾಮಗತಿಯೇ ಸರಿಯೆಂದು ನಿಶ್ಚಯವಾಗುವುದು. ಶಾಸನಕಾರರು ವರ್ಷದೊಡನೆ ಸಂವತ್ಸರ, ಮಾಸ, ತಿಥಿ, ವಾರಗಳನ್ನು ಹೇಳುವುದು ಕೇವಲ ಆಡಂಬರವಲ್ಲ. ಪರಿವರ್ತನವನ್ನು ಪರೀಕ್ಷಿಸಲು ಅವರು ಇಟ್ಟುಹೋದ ಒರೆಗಲ್ಲು ಅದು.

೪. ಕಟಪಯಾದಿ

ಮೂರನೆಯದಾದ ಕಟಪಯಾದಿಯಲ್ಲಿ ಪದದ ಅರ್ಥಕ್ಕೆ ಸಂಬಂಧವಿಲ್ಲ, ಅಕ್ಷರವೇ ಅಂಕ. ಕಕಾರದಿಂದ ಝಕಾರದವರೆಗೆ ೧ರಿಂದ ೯, ಞಕಾರ ಸೊನ್ನೆ. ಟಕಾರದಿಂದ ಧಕಾರದವರೆಗೆ ೧ರಿಂದ ೯, ನಕಾರ ಸೊನ್ನೆ. ಪಕಾರದಿಂದ ಮಕಾರದವರೆಗೆ ೧ರಿಂದ ೫. ಯಕಾರದಿಂದ ಹಕಾರದವರೆಗೆ ೧ರಿಂದ ೮. ವ್ಯಂಜನವಿಲ್ಲದ ಸ್ವರವು ಸೊನ್ನೆ. ವ್ಯಂಜನಕ್ಕೆ ಹತ್ತಿದ ಸ್ವರಕ್ಕೆ ಬೆಲೆಯಿಲ್ಲ. ಸಂಯುಕ್ತಾಕ್ಷರದಲ್ಲಿ ಕೊನೆಯ ವ್ಯಂಜನವನ್ನು ಮಾತ್ರ ಎಣಿಸಬೇಕು. ಸ್ವರವಿಲ್ಲದ ವ್ಯಂಜನವನ್ನು ಎಣಿಸಬಾರದು. ಓದುವುದು ವಾಮಗತಿಯಿಂದ. ಈ ಪದ್ಧತಿಯನ್ನು ಏಳನೆಯ ಶತಮಾನದ ಕೊನೆಯ ಭಾಗದಲ್ಲಿ ಕೇರಳದ ಹರಿದತ್ತನು ಗ್ರಹಚಾರನಿಬಂಧನದಲ್ಲಿ ಬಳಸಿದನು. ೧೮೧೯ರ ಶಂಕರವರ್ಮನ ಸದ್ರತ್ನಮಾಲೆಯಲ್ಲಿಯೂ ಅದರ ಲಕ್ಷಣವು ಹೇಳಲ್ಪಟ್ಟಿದೆ.

ಅಗ್ನಿಶಬ್ದವು ಸೊನ್ನೆಯಾಗುವ ಕಾರಣವು ಈಗ ಸ್ಪಷ್ಟ: ಅಕಾರವು ಸೊನ್ನೆ, ‘ಗ್ನಿ’ ಎಂಬಲ್ಲಿ ಕೊನೆಯ ನಕಾರವೂ ಸೊನ್ನೆ. ಮಹಾಭಾರತಕ್ಕೆ ಜಯವೆಂಬ ಹೆಸರಿರುವುದಷ್ಟೆ. ಜಕಾರ ೮, ಯಕಾರ ೧, ವಾಮಗತಿಯಿಂದ ೧೮, ಎಂದರೆ ಪರ್ವಗಳ ಸಂಖ್ಯೆ.

ನಿಯಮಗಳ ಸೂಕ್ಷ್ಮವನ್ನು ತೋರಿಸಲು ಗದಗು ಜಿಲ್ಲೆಯ ಊರ ಹೆಸರುಗಳನ್ನೇ ತೆಗೆದುಕೊಳ್ಳಬಹುದು. ರೋಣವು ೫೨. ಗದಗವು ೩, ೮, ೩. ಎತ್ತಲಿಂದ ಓದಿದರೂ ೩೮೩. ಇಂತಹ ಹೆಸರಿನಲ್ಲಿ ದಿಕ್ಕಿನ ತಪ್ಪು ಅಡಗಿಯೇ ಹೋಗುವುದರಿಂದ ಪರೀಕ್ಷೆಗೆ ಅದು ನಿರುಪಯುಕ್ತ. ನರಗುಂದವು ೦, ೨, ೩, ೮, ವಾಮಗತಿಯಿಂದ ೮೩೨೦, ಬಿಂದುವಿಗೆ ಬೆಲೆಯಿಲ್ಲ. ಗಜೇಂದ್ರಗಡದಲ್ಲಿ ‘ಂದ್ರ’ ಎಂಬಲ್ಲಿ ರಕಾರವನ್ನು ಎಣಿಸಿದರೆ ೩೩೨೮೩, ದಕಾರವನ್ನು ಎಣಿಸಿದರೆ ೩೩೮೮೩, ಮೊದಲನೆಯದೇ ನಿಯಮಸಮ್ಮತ. ರೋಣ ತಾಲೂಕಿನ ಯಾವಗಲ್ ಎಂಬ ಹೆಸರು ಎಲ್ಲಕ್ಕಿಂತಲೂ ಬೋಧಪ್ರದವಾದುದು. ಯಕಾರ ೧, ವಕಾರ ೪, ಗಕಾರ ೩. ಕೊನೆಯ ಲಕಾರವು ಹಲಂತವಾದುದರಿಂದ ಎಣಿಕೆಗೆ ಸೇರದು. ಆದುದರಿಂದ ೩೪೧. ಅದನ್ನೇ ಹೊಸಗನ್ನಡದ ರೂಢಿಯಂತೆ ಸ್ವರಾಂತಮಾಡಿ ‘ಯಾವಗಲ್ಲು’ ಎಂದು ಬರೆದರೆ ಲಕಾರವು ೩ ಎಂಬ ಬೆಲೆಯನ್ನು ಪಡೆದು ಸಂಖ್ಯೆಯು ೩೩೪೧ ಆಗುವುದು. ಊರು ಒಂದೇ, ಅರ್ಥ ಒಂದೇ. ಕೊನೆಯಲ್ಲೊಂದು ಉಕಾರವು ಸೇರಿದ್ದರಿಂದ ಮೂರು ಸಾವಿರ ಹೆಚ್ಚಾಯಿತು. ಸಂಧಿಯೂ ಹೀಗೆಯೇ ಬಾಧಿಸುವುದು: ಹೊಳೆಆಲೂರು ಎಂದು ಬಿಡಿಸಿ ಬರೆದರೆ ಆಕಾರವು ಸೊನ್ನೆಯಾಗಿ ೨೩೦೯೮, ಯಕಾರಾಗಮವನ್ನು ಮಾಡಿ ಹೊಳೆಯಾಲೂರು ಎಂದರೆ ೨೩೧೯೮. ಇಲ್ಲಿ ಳಕಾರಕ್ಕೆ ಕೇರಳದವರಂತೆ ೯ ಎಂಬ ಬೆಲೆಯನ್ನು ಹಿಡಿದಿದೆ. ಹಳಗನ್ನಡದ ಱ, ೞಗಳಿಗೆ ಸಂಸ್ಕೃತ ಲಕ್ಷಣದಲ್ಲಿ ಬೆಲೆಯೇ ಇಲ್ಲ. ಕನ್ನಡ ಪದಗಳಿಗೆ ಕಟಪಯಾದಿಯನ್ನು ಹೊಂದಿಸುವವನು ಇವುಗಳ ಬೆಲೆಯನ್ನು ಮೊದಲೇ ಹೇಳಬೇಕು.

೫. ಸಂಯುಕ್ತಾಕ್ಷರದ ವಿವಾದ

ವೇಂಕಟಮಖಿಯ ಚತುರ್ದಂಡಿಪ್ರಕಾಶಿಕೆಯು ಹದಿನೇಳನೆಯ ಶತಮಾನದಲ್ಲಿ ೭೨ ಮೇಳಗಳ ವ್ಯವಸ್ಥೆಯನ್ನು ಹಾಕಿಕೊಟ್ಟಿತು. ಅನಂತರ ರೂಢಿಗೆ ಬಂದ ಮೇಳಗಳ ಹೆಸರುಗಳಲ್ಲಿ ಮೊದಲೆರಡು ಅಕ್ಷರಗಳು ಕಟಪಯಾದಿಯಿಂದ ಕ್ರಮಸಂಖ್ಯೆಯನ್ನು ಸೂಚಿಸುವಂತೆ ಜೋಡಿಸಲ್ಪಟ್ಟಿವೆ. ಮಾಯಾಮಾಳವಗೌಳ ೧೫, ಖರಹರಪ್ರಿಯ ೨೨, ಹರಿಕಾಂಭೋಜಿ ೨೮, ಧೀರಶಂಕರಾಭರಣ ೨೯, ಮೇಚಕಲ್ಯಾಣಿ ೬೫. ಇಪ್ಪತ್ತನೆಯ ಮೇಳವು ನಠಭೈರವಿ. ಲಿಪಿಕಾರನು ಠಕಾರವನ್ನು ಟಕಾರಮಾಡಿ ನಟಭೈರವಿಯೆಂದು ಬರೆದರೆ ಹತ್ತಾಗುವುದು. ಅರ್ಥಕ್ಕೆ ಮರುಳಾಗಿ ಅಕ್ಷರವನ್ನು ತಿದ್ದಬಾರದೆಂಬುದಕ್ಕೆ ಇದೊಂದು ನಿದರ್ಶನ.

ಸಂಯುಕ್ತಾಕ್ಷರಗಳಲ್ಲಿ ಮಾತ್ರ ಹೆಸರುಗಳು ಎರಡು ಪಂಗಡವಾಗುತ್ತವೆ. ರತ್ನಾಂಗಿ ೨, ಸೂರ್ಯಕಾಂತ ೧೭, ಷಡ್ವಿಧಮಾರ್ಗಿಣಿ ೪೬, ಧರ್ಮವತಿ ೫೯ ಇವು ಕೊನೆಯ ವ್ಯಂಜನದ ನಿಯಮವನ್ನು ಅನುಸರಿಸುವುವು. ಆದರೆ ಚಕ್ರವಾಕ ೧೬, ದಿವ್ಯಮಣಿ ೪೮, ವಿಶ್ವಂಭರಿ ೫೪, ಶ್ಯಾಮಲಾಂಗಿ ೫೫, ಚಿತ್ರಾಂಬರಿ ೬೬, ಜ್ಯೋತಿಸ್ವರೂಪಿಣಿ ೬೮ ಇವುಗಳಲ್ಲಿ ಮೊದಲನೆಯ ವ್ಯಂಜನವನ್ನು ಹಿಡಿದರೆ ಮಾತ್ರ ಸಂಖ್ಯೆಯು ಹೊಂದುವುದು. ಕೊನೆಯ ವ್ಯಂಜನವನ್ನೇ ಹಿಡಿದರೆ ಚಕ್ರವಾಕವೂ ಚಿತ್ರಾಂಬರಿಯೂ ೨೬ ಆಗಿ ಚಾರುಕೇಶಿಯ ಸ್ಥಾನದ ಮೇಲೆ ಬೀಳುವುವು. ಋಷಭಪ್ರಿಯದಲ್ಲಿ ಇನ್ನೊಂದು ವಿಶೇಷ: ಋಕಾರವು ಸ್ವರವಾದುದರಿಂದ ಲೆಕ್ಕವು ೬೦ ಆಗಬೇಕು, ಉಚ್ಚಾರಣೆಯನ್ನನುಸರಿಸಿ ‘ರಿ’ ಎಂದು ಎಣಿಸಿದುದರಿಂದಲೇ ಅದು ೬೨ನೆಯ ಮೇಳ. ಹೆಸರಿನಿಂದ ಸಂಖ್ಯೆಯು ಹುಟ್ಟಿದುದಲ್ಲ, ಸಂಖ್ಯೆಗಾಗಿ ಹೆಸರನ್ನು ಹೊಂದಿಸಿದುದು ಎಂಬುದು ಇದರಿಂದ ವ್ಯಕ್ತವಾಗುವುದು.

ಸಂಗೀತದಲ್ಲಿ ಮೇಳದ ಸಂಖ್ಯೆಯು ಬೇರೆ ರೀತಿಯಿಂದ ಗೊತ್ತಿರುವುದರಿಂದ ಹಾನಿಯಿಲ್ಲ. ಕಾಲಗಣನೆಯಲ್ಲಿ ಹಾಗಲ್ಲ. ಮೇಲ್ಪುತ್ತೂರು ನಾರಾಯಣ ಭಟ್ಟತಿರಿಯು ನಾರಾಯಣೀಯದ ಕೊನೆಯಲ್ಲಿ ‘ಆಯುರಾರೋಗ್ಯಸೌಖ್ಯಂ’ ಎಂಬ ಪದದಿಂದ ಗ್ರಂಥಸಮಾಪ್ತಿಯ ಕಲಿದಿನವನ್ನು ಸೂಚಿಸಿದ್ದಾನೆ. ಅಂಕಗಳು ೦, ೧, ೨, ೨, ೧, ೭, ೧. ವಾಮಗತಿಯಿಂದ ೧೭,೧೨,೨೧೦ ದಿನಗಳು, ಎಂದರೆ ಕ್ರಿ. ಶ. ೧೫೮೬. ಸಂಯುಕ್ತಾಕ್ಷರಗಳಲ್ಲಿ ಮೊದಲನೆಯ ವ್ಯಂಜನವನ್ನು ಹಿಡಿದರೆ ೨೭,೩೨,೨೧೦ ಆಗಿ ಗ್ರಂಥವು ಸುಮಾರು ೨೭೯೨ ವರ್ಷ ಮುಂದೆ, ಇನ್ನೂ ಬಾರದ ಕಾಲಕ್ಕೆ ಹೋಗುವುದು. ವಾಮಗತಿಯನ್ನು ಮರೆತು ನೇರವಾಗಿ ಓದಿದರೆ ೧,೨೨,೧೭೧ ದಿನಗಳಾಗಿ ಕಲಿಯ ಆದಿಯ ಮುನ್ನೂರಮೂವತ್ತನಾಲ್ಕು ವರ್ಷಗಳಲ್ಲಿಯೇ ನಿಲ್ಲುವುದು. ಇಲ್ಲಿ ತಪ್ಪು ತಾನಾಗಿಯೇ ಬಯಲಾಗುವಷ್ಟು ದೊಡ್ಡದಾಗಿರುವುದು ಓದುಗನ ಪುಣ್ಯ.

ಕನ್ನಡ ಲಿಪಿಯಲ್ಲಿ ಓದುವವನು ಇನ್ನಷ್ಟು ಎಚ್ಚರದಿಂದಿರಬೇಕು. ಕಣ್ಣಿಗೆ ದೊಡ್ಡದಾಗಿ ಕಾಣುವುದು ಮೇಲಿನ ಅಕ್ಷರ. ನಿಯಮಕ್ಕೆ ಬೇಕಾದುದು ಕೆಳಗಿನ ಒತ್ತು. ಅರ್ಕಾವೊತ್ತಿನಲ್ಲಿ ಇದು ತಿರುಗುಮುರುಗು: ‘ಸೂರ್ಯ’ ಎಂಬಲ್ಲಿ ರೇಫದ ಗುರುತು ಯಕಾರದ ಮುಂದೆ ನಿಂತಿದ್ದರೂ ಉಚ್ಚಾರಣೆಯಲ್ಲಿ ಯಕಾರವೇ ಕೊನೆಯದು. ಆದುದರಿಂದ ಕಣ್ಣಿಗಿಂತ ಕಿವಿಯೇ ಪ್ರಮಾಣ.

೬. ಗಣಕಯಂತ್ರದ ರೀತಿ

ಯಂತ್ರಕ್ಕೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಪ್ರತಿಯೊಂದು ಅಕ್ಷರಕ್ಕೂ ಗೊತ್ತುಮಾಡಿದ ಸಂಕೇತಾಂಕವೊಂದೇ ಇರುವುದು. ಯುನಿಕೋಡ್ ಎಂಬ ಸಾರ್ವತ್ರಿಕ ವ್ಯವಸ್ಥೆಯಲ್ಲಿ ಕನ್ನಡದ ‘೦’ ಎಂಬ ಅಂಕಕ್ಕೆ ೩೩೦೨, ‘೧’ಕ್ಕೆ ೩೩೦೩, ಹೀಗೆ ‘೯’ಕ್ಕೆ ೩೩೧೧. ಸಂಕೇತಾಂಕದಿಂದ ೩೩೦೨ನ್ನು ಕಳೆದರೆ ಅಂಕದ ಬೆಲೆಯು ಬರುವುದು. ಆಮೇಲೆ ಎಡದಿಂದ ಬಲಕ್ಕೆ ನಡೆಯುತ್ತ, ಅದುವರೆಗಿನ ಫಲವನ್ನು ಹತ್ತರಿಂದ ಗುಣಿಸಿ ಹೊಸ ಅಂಕವನ್ನು ಕೂಡಿಸಬೇಕು. ೧೯೪೭ ಎಂಬಲ್ಲಿ ಮೊದಲು ೧. ಅನಂತರ ೧೦ಕ್ಕೆ ೯ ಸೇರಿ ೧೯. ೧೯೦ಕ್ಕೆ ೪ ಸೇರಿ ೧೯೪. ೧೯೪೦ಕ್ಕೆ ೭ ಸೇರಿ ೧೯೪೭. ವಾಮಗತಿಯ ಲೆಕ್ಕದಲ್ಲಿಯಾದರೆ ಫಲವನ್ನು ಗುಣಿಸುವ ಬದಲು ಸ್ಥಾನದ ಬೆಲೆಯನ್ನೇ ಹೆಜ್ಜೆಹೆಜ್ಜೆಗೆ ಹತ್ತುಪಾಲು ಏರಿಸುತ್ತ ಹೋಗಬೇಕು. ಆಗ ಪ್ರತಿಯೊಂದು ಅಂಕದ ಬೆಲೆಯೂ ಅದನ್ನು ಕೇಳಿದೊಡನೆಯೇ ಸ್ಥಿರವಾಗುವುದು. ಮುಂದೆ ಎಷ್ಟು ಅಂಕಗಳಿವೆಯೆಂದು ಕಾಯಬೇಕಾಗಿಲ್ಲ. ಕಂಠಪಾಠದಿಂದ ಲೆಕ್ಕಮಾಡುವವರಿಗೆ ಇದು ಅನುಕೂಲವಾದ ಕ್ರಮವೇ ಸರಿ.

ಕಟಪಯಾದಿಯನ್ನೂ ಯಂತ್ರಕ್ಕೆ ಕಲಿಸಬಹುದು. ಯುನಿಕೋಡಿನಲ್ಲಿ ಒತ್ತಕ್ಷರಕ್ಕೆ ಪ್ರತ್ಯೇಕ ಸಂಕೇತವಿಲ್ಲ; ವ್ಯಂಜನ, ಸ್ವರಲೋಪಸೂಚಕವಾದ ಹಲಂತಚಿಹ್ನೆ, ಮತ್ತೆ ವ್ಯಂಜನ ಎಂದು ಉಚ್ಚಾರಣೆಯ ಕ್ರಮದಲ್ಲಿಯೇ ಅವು ನಿಲ್ಲುತ್ತವೆ. ಹಲಂತಚಿಹ್ನೆಯು ಹಿಂದೆಯೇ ಬಂದಿರುವ ವ್ಯಂಜನವನ್ನು ಎಣಿಸಬಾರದೆಂಬ ಒಂದೇ ವಿಧಿಯಿಂದ ಗಜೇಂದ್ರಗಡದ ದಕಾರವೂ, ಸೂರ್ಯದ ರೇಫವೂ, ಯಾವಗಲ್ಲಿನ ಕೊನೆಯ ಲಕಾರವೂ ಲೆಕ್ಕದಿಂದ ಹೊರಗಾಗುವುವು. ಪೂರ್ವಿಕರು ಸಂಯುಕ್ತಾಕ್ಷರಕ್ಕೆಂದೂ ಹಲಂತಕ್ಕೆಂದೂ ಹೇಳಿದ ಎರಡು ನಿಯಮಗಳು ವಾಸ್ತವವಾಗಿ ಒಂದೇ ಎಂಬುದು, ಎಂದರೆ ಸ್ವರವನ್ನು ಹೊತ್ತ ವ್ಯಂಜನಕ್ಕೆ ಮಾತ್ರ ಬೆಲೆಯೆಂಬುದು, ಹೀಗೆ ಯಂತ್ರದ ಮೂಲಕ ನಿಚ್ಚಳವಾಗುತ್ತದೆ.

೭. ಎರಡು ಸೊನ್ನೆಗಳು

ಪರಿವರ್ತನವು ಸಾಧ್ಯವಿಲ್ಲದಿದ್ದಾಗ ಏನು ಮಾಡಬೇಕು? ಇದೇ ಇಡೀ ವಿಚಾರದ ಮರ್ಮ. ‘ಅಗ್ನಿ’ ಎಂಬ ಸರಣಿಯನ್ನು ಪೂರ್ಣಾಂಕಮಾಡೆಂದು ಹೇಳಿದರೆ ಪೈಥಾನ್ ಭಾಷೆಯು ದೋಷವನ್ನು ಘೋಷಿಸಿ ನಿಂತುಬಿಡುವುದು. ‘ಸಿ’ ಎಂಬ ಭಾಷೆಯ ‘ಎಟಾಯ್’ ಎಂಬ ಹಳೆಯ ಕ್ರಿಯೆಯಾದರೋ ಏನನ್ನೂ ಹೇಳದೆ ಸೊನ್ನೆಯನ್ನು ಕೊಡುವುದು. ಕಟಪಯಾದಿಯಲ್ಲಿಯೂ ಅಗ್ನಿಯ ಬೆಲೆ ಸೊನ್ನೆಯೇ ಅಲ್ಲವೆ? ಆದರೆ ಕಟಪಯಾದಿಯ ಸೊನ್ನೆಯು ಉತ್ತರ, ಎಟಾಯ್‌ನ ಸೊನ್ನೆಯು ಉತ್ತರವಿಲ್ಲದಿರುವಿಕೆ. ಹೊರಗಿನಿಂದ ನೋಡಿದವನಿಗೆ ಎರಡಕ್ಕೂ ಭೇದವೇ ಕಾಣುವುದಿಲ್ಲ. ಅದೇ ಕ್ರಿಯೆಗೆ ಒಂದು ಲಕ್ಷದ ಇಪ್ಪತ್ತೈದು ಸಾವಿರವನ್ನು ಇಂಗ್ಲಿಷ್ ಅಂಕಗಳಲ್ಲಿ ಅಲ್ಪವಿರಾಮಗಳೊಡನೆ ಬರೆದು ಕೊಟ್ಟರೆ, ಮೊದಲ ಅಲ್ಪವಿರಾಮದಲ್ಲಿ ನಿಂತು ಒಂದು ಎಂದಷ್ಟೆ ಹೇಳುವುದು. ಕನ್ನಡ ಅಂಕಗಳನ್ನು ಪೈಥಾನ್, ಜಾವಾ ಭಾಷೆಗಳು ಒಪ್ಪಿಕೊಳ್ಳುವುವು. ಎಟಾಯ್ ಅವುಗಳನ್ನು ಅಂಕಗಳೆಂದೇ ತಿಳಿಯದು.

ಕನ್ನಡದಲ್ಲಿ ಬೆರಳಚ್ಚುಮಾಡುವವರಿಗೆ ಇನ್ನೊಂದು ಅಪಾಯವುಂಟು. ಅನುಸ್ವಾರದ ಬಿಂದುವೂ ಸೊನ್ನೆಯ ಅಂಕವೂ ನೋಟಕ್ಕೆ 거ಬಹು ಸಮೀಪ; ಸಂಕೇತಾಂಕಗಳು ಮಾತ್ರ ೩೨೦೨ ಮತ್ತು ೩೩೦೨. ಸೊನ್ನೆಯ ಸ್ಥಳದಲ್ಲಿ ಅನುಸ್ವಾರವನ್ನು ಒತ್ತಿದ ವರ್ಷವು ಪುಟದ ಮೇಲೆ ಸರಿಯಾಗಿಯೇ ಕಾಣುವುದು, ಯಂತ್ರಕ್ಕೆ ಮಾತ್ರ ಅದು ವರ್ಷವೇ ಅಲ್ಲ. ಶಾಸನಗಳ ಪಾಠಗಳನ್ನು ಯಂತ್ರಕ್ಕೆ ಏರಿಸುವವರು ಇದನ್ನು ಮರೆಯಬಾರದು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಮಾತುಗಳು ಫಲಿಸುತ್ತವೆ. ಮೊದಲನೆಯದು, ಯಾವ ಸಂಕೇತದಿಂದ, ಯಾವ ದಿಕ್ಕಿನಿಂದ ಓದಿತೆಂಬುದನ್ನು ಹೇಳದೆ ಸಂಖ್ಯೆಯನ್ನು ಮಾತ್ರ ಕೊಡಬಾರದು. ಎರಡನೆಯದು, ಮೂಲದ ಅಕ್ಷರಗಳನ್ನು ಕಂಡಂತೆಯೇ ಉಳಿಸಿಕೊಂಡು, ಸಂಖ್ಯೆಯನ್ನು ಅದರ ಪಕ್ಕದಲ್ಲಿ ಬರೆಯಬೇಕು. ಸಂಖ್ಯೆಯು ತಪ್ಪಾದರೆ ತಿದ್ದಬಹುದು, ಅಕ್ಷರವು ಹೋದರೆ ತಿದ್ದುವ ದಾರಿಯೇ ಹೋಗುವುದು. ಮೂರನೆಯದು, ಸಂವತ್ಸರ, ತಿಥಿ, ವಾರಗಳ ಸಾಕ್ಷ್ಯವು ಹೊಂದದಿದ್ದರೆ ಸಂಖ್ಯೆಯನ್ನು ಬಲವಂತದಿಂದ ಹೊಂದಿಸದೆ, ಸಂಶಯವನ್ನು ಸಂಶಯವೆಂದೇ ಬರೆಯಬೇಕು. ದೋಷವನ್ನು ಘೋಷಿಸಿ ನಿಲ್ಲುವ ಯಂತ್ರವು ಮೌನವಾಗಿ ಸೊನ್ನೆಯನ್ನು ಕೊಡುವ ಯಂತ್ರಕ್ಕಿಂತ ಮೇಲು. ಸಂಶೋಧಕನ ವಿಷಯದಲ್ಲಿಯೂ ಇದು ಸತ್ಯ.

ಯಾವಗಲ್ ಎಂಬ ಹೆಸರು ೩೪೧ ಆದರೂ ೩೩೪೧ ಆದರೂ ಆ ಊರಿಗೆ ಯಾವ ಹಾನಿಯೂ ಇಲ್ಲ. ಹಾಗೆಯೇ ಬರೆದ ಹೆಸರು ಒಬ್ಬ ಕವಿಯ ಕಾಲವನ್ನು ಹೇಳತಕ್ಕದ್ದಾಗಿದ್ದರೆ, ಕೊನೆಯ ಹಲಂತವನ್ನು ಲಿಪಿಕಾರನು ಉಳಿಸಿದನೋ ಇಲ್ಲವೋ ಎಂಬುದರ ಮೇಲೆಯೇ ಎಲ್ಲವೂ ನಿಲ್ಲುವುದು.